ಠಾಣೆಯ ಮೆಟ್ಟಿಲೇರಿದ ಜೋಡಿ ನಳಿಗೆ

2024ರ ಲೋಕಸಭಾ ಚುನಾವಣೆ ಘೋಷಣೆಯಾದ ಮೇಲೆ ಗದಗ ಜಿಲ್ಲೆಯ ಠಾಣೆಗಳಲ್ಲೂ ಲೈಸೆನ್ಸ್ ಬಂದೂಕುಗಳ ಜಮೆ ಶುರುವಾಗಿತ್ತು. ಅದನ್ನು ಕಣ್ಣಾರೆ ನೋಡಬೇಕೆಂದು ಮುಂಡರಗಿ ಕಡೆಗೆ ಹೋಗಿದ್ದೆ. ಠಾಣೆಯ ಅಂಗಳದ ಬೇವಿನ ನೆರಳಲ್ಲಿ ನಾಲ್ಕೈದು ಮಂದಿ ಕೂತಿದ್ದರು. ಒಬ್ಬರದು ತೊಗಲಿನ ಚೀಲ, ಇನ್ನೊಬ್ಬರದು ಗೊಬ್ಬರದ ಚೀಲ. ಎಲ್ಲರಿಗಿಂತ ಹಿರಿಯನಾದ ಅಜ್ಜನೊಬ್ಬ ತನ್ನ ಜೋಡಿ ನಳಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ, ನೂಲಿನ ಹಗ್ಗದಿಂದ ಮೂರು ಕಡೆ ಬಿಗಿದು ತಂದಿದ್ದ. ಸರದಿ ಬಂದಾಗ ಮುಖ್ಯಪೇದೆ ರಿಜಿಸ್ಟರು ತೆಗೆದು, ನಂಬರು ಬರೆದು, ರಸೀದಿ ಹರಿಯುವುದರಲ್ಲಿದ್ದರು. ಅಜ್ಜ ತಡೆದ.

"ಸಾಹೇಬ್ರ, ಈ ಸಲ ವಾಪಸ್ ಒಯ್ಯೂದಿಲ್ರಿ. ಹಂಗಂತ ಬರಕೊಡ್ತೀನಿ, ತಗೋರಿ."

ಪೇದೆಗೆ ಅರ್ಥವಾಗಲಿಲ್ಲ. ಜಮೆ ಮಾಡಿದವರೆಲ್ಲ ಫಲಿತಾಂಶ ಬಂದ ಮರುದಿನವೇ ವಾಪಸ್ ಕೇಳಲು ಬರುವವರು. "ಅಜ್ಜಾರ, ಲೈಸೆನ್ಸ್ ಚಾಲ್ತಿ ಐತಿ, ರಿನೀವಲ್ ಆಗೇತಿ. ಯಾಕ ಬ್ಯಾಡ?" ಎಂದರು. ಅಜ್ಜ ಉತ್ತರಿಸದೆ ಹಗ್ಗದ ಗಂಟು ಬಿಚ್ಚತೊಡಗಿದ.

ಕೆಲಸ ಮುಗಿದ ಮೇಲೆ ಎದುರಿನ ಚಹಾದಂಗಡಿಯಲ್ಲಿ ಅಜ್ಜನ ಬಳಿ ಕೂತೆ. ಬಂದೂಕು ಅವನ ತಂದೆಯ ಕಾಲದ್ದು. ತುಂಗಭದ್ರೆಯ ದಂಡೆಯ ಹೊಲ, ಕಾಡುಹಂದಿಯ ಕಾಟ, ಜತೆಗೆ ಊರಲ್ಲೊಂದು ತೂಕ. ಹಂದಿಗೆ ಗುಂಡು ಹಾರಿಸಿದ್ದು ನೆನಪಿಲ್ಲವಂತೆ. ದೀಪಾವಳಿಗೊಮ್ಮೆ ಎಣ್ಣೆ ಹಚ್ಚಿ ಒರೆಸಿ ಟ್ರಂಕಿನಲ್ಲಿ ಇಡುವುದೇ ಅದರ ಕೆಲಸ.

"ಹಂಗಾರ ಕೊಟ್ಟದ್ದ್ಯಾಕ?" ಎಂದು ಕೇಳಿದೆ. ಬಹಳ ಹೊತ್ತು ಬಸಿಯಲ್ಲಿ ಚಹಾ ಆರಿಸಿದ.

"ನಮ್ಮ ತಮ್ಮಂದು ಹೇಳ್ತೀನಿ. ಮಳಿ ಕೈ ಕೊಟ್ಟ ವರ್ಷ ಅದು. ಸೊಸಾಯಿಟಿ ಸಾಲ, ಮ್ಯಾಲ ಕೈಗಡ. ಮಾತು ಕಮ್ಮಿ ಮಾಡಿದ್ದ. ನಾನು ಗಂಡ್ಸು, ನನಗ ತಿಳೀಲಿಲ್ಲ. ನಮ್ಮಾಕಿಗೆ ತಿಳೀತು. ತಾಟಿನಾಗ ರೊಟ್ಟಿ ಹಂಗ ಉಳೀತಿತ್ತಲ್ಲ, ಅದನ್ನ ನೋಡಿದ್ಲು. ಯಾರಿಗೂ ಹೇಳದ ಟ್ರಂಕಿನ ಕೀಲಿ ತಗದು ಸೊಂಟಕ್ಕ ಸಿಗಿಸಿಕೊಂಡ್ಲು. ಒಂದ್ ರಾತ್ರಿ ಅಂವ ಕತ್ತಲದಾಗ ಕೀಲಿ ಹುಡುಕಾಕ ಹತ್ತಿದ್ದ. ಈಕಿ ಎದ್ದು ದೀಪ ಹಚ್ಚಿ ಅವನ ಮುಂದ ಕುಂತ್ಲು. ಬೆಳಗಾಗೂತನ ಕುಂತ್ಲು. ಮುಂಜಾನೆ ಓಣಿಯ ಹಿರ್ಯಾರನ್ನ ಕರಿಸಿದ್ಲು. ಸಾಲದ ಮಾತು ಅವರು ತಮ್ಮ ಮ್ಯಾಲ ಹಾಕ್ಕೊಂಡ್ರು."

ಸ್ವಲ್ಪ ತಡೆದು ಸೇರಿಸಿದ: "ಅಂವ ಈಗ ಉಳ್ಳಾಗಡ್ಡಿ ಮಾರಾಕ ಗದಗ ಎಪಿಎಂಸಿಗೆ ಹೋಗ್ಯಾನ್ರೀ. ನಮ್ಮಾಕಿ ಹೋಗಿ ಎರಡು ವರ್ಷಾತು. ಕೀಲಿ ಕಾಯಾಕ ಇನ್ನ ಮನ್ಯಾಗ ಯಾರೂ ಇಲ್ಲ. ಅದಕ್ಕ ತಂದೆ."

ಬಂದೂಕಿನ ಹಿಂಸೆ ಎಂದರೆ ನಮಗೆ ನೆನಪಾಗುವುದು ಬೈಕಿನಲ್ಲಿ ಬಂದು ಗುಂಡು ಹಾರಿಸುವವರು. ಊರ ಮನೆಯ ಟ್ರಂಕು ನೆನಪಾಗುವುದಿಲ್ಲ. ಮನೆಮನೆಯಲ್ಲೂ ಬಂದೂಕಿರುವ ಅಮೆರಿಕದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದ ತಾವೇ ಸಾಯುವವರು. ಸಾಯುವ ಯೋಚನೆ ಹಲವರಲ್ಲಿ ಬಂದು ಹೋಗುವಂಥದ್ದು, ಆ ಗಳಿಗೆ ದಾಟಿದರೆ ಬಹುತೇಕರು ಬದುಕುತ್ತಾರೆ ಎಂದು ಅಲ್ಲಿನ ವೈದ್ಯರು ದಶಕಗಳಿಂದ ಹೇಳುತ್ತಿದ್ದಾರೆ. ಕಷ್ಟದ ದಿನಗಳಲ್ಲಿ ಮನೆಯ ಬಂದೂಕನ್ನು ಬೇರೆಡೆ ಇಡಿಸಿ ಎಂಬುದು ಅವರ ಮೊದಲ ಸಲಹೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳೊಬ್ಬಳು ತುಂಗಭದ್ರೆಯ ದಂಡೆಯಲ್ಲಿ ಅದನ್ನೇ ತನ್ನಷ್ಟಕ್ಕೆ ಕಂಡುಕೊಂಡು ಮಾಡಿದ್ದಳು. ಅಜ್ಜನ ಮಾತು ಕೇಳಿದ ದಿನದಿಂದ ನನಗೆ ಇದು ತಲೆಯಿಂದ ಇಳಿದಿಲ್ಲ.

ಇಳಿಯದಿರಲು ಇನ್ನೊಂದು ಕಾರಣವೂ ಇದೆ. ಅಜ್ಜನ ಊರು ಹಮ್ಮಿಗಿಯ ಆಸುಪಾಸಿನದು. ಇಂದು ಹಮ್ಮಿಗಿ ಎಂದರೆ ಸಿಂಗಟಾಲೂರು ಬ್ಯಾರೇಜು. 1858ರಲ್ಲಿ ಹಮ್ಮಿಗಿ ಎಂದರೆ ಬಂದೂಕು.

ಆ ವರ್ಷ ಕಂಪನಿ ಸರ್ಕಾರದ ವಿರುದ್ಧ ಎದ್ದ ಮುಂಡರಗಿ ಭೀಮರಾಯನ ಕಥೆ ಈ ಭಾಗದವರಿಗೆ ಹೊಸದಲ್ಲ. ಆದರೆ ಅದು ಎಲ್ಲಿಂದ ಶುರುವಾಯಿತು ಎಂಬುದನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. 1857ರಲ್ಲಿ ಉತ್ತರದ ದಂಗೆ ಕಂಡು ಬೆದರಿದ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಕತ್ತಿ, ಬಂದೂಕು ಇರುವವರು ನೋಂದಾಯಿಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು. ಬೇಟೆಯನ್ನೇ ನಂಬಿದ್ದ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ಕಡಿಮೆ.

ಆರೇ ತಿಂಗಳಿಗೆ ಅದೇ ಕಿಡಿ ಹಮ್ಮಿಗಿಗೆ ಬಿತ್ತು. ಅಲ್ಲಿ ಬಚ್ಚಿಟ್ಟಿದ್ದ ಆಯುಧ, ಮದ್ದುಗುಂಡಿನ ಸುಳಿವು ಸಿಕ್ಕಿ ಸರ್ಕಾರಿ ಆಳುಗಳು ಬಂದು ಮುದ್ರೆ ಒತ್ತಿ ಕಾವಲಿಟ್ಟರು. ಸುದ್ದಿ ಕೇಳಿದ ಭೀಮರಾಯ ಕಾವಲನ್ನು ಮುರಿದು ಆಯುಧ ಎತ್ತಿಕೊಂಡ. ಕಂಪನಿಯ ನೌಕರಿಯನ್ನೇ ಮಾಡಿ ಬಂದಿದ್ದವನಿಗೆ ಇನ್ನು ಹಿಂದಕ್ಕೆ ದಾರಿಯಿಲ್ಲ ಎಂಬುದು ಗೊತ್ತಿತ್ತು. ಮೇ ತಿಂಗಳ ಕೊನೆಯ ವಾರ ಡಂಬಳದ ಖಜಾನೆ ಲೂಟಿಯಾಯಿತು. ಹಮ್ಮಿಗಿಯ ಕೆಂಚನಗೌಡ ಜತೆಗಿದ್ದ. ಇಬ್ಬರೂ ಕೊಪ್ಪಳ ಕೋಟೆ ಹಿಡಿದರು, ಜೂನ್ 1ರಂದು ಅಲ್ಲೇ ಮಡಿದರು. ಈ ನಡುವೆ ತೋಪುಗಳನ್ನು ಒಪ್ಪಿಸಬೇಕೆಂಬ ಒತ್ತಡದಲ್ಲಿ ಕುದಿಯುತ್ತಿದ್ದ ನರಗುಂದದ ಅರಸ ಬಾಬಾಸಾಹೇಬ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಗೆ ಬರುವ ಪ್ರವಾಸಿಗಳಿಗೆ ಖಜಾನೆಯ ಕಥೆಯನ್ನು ಯಾರೂ ಹೇಳುವುದಿಲ್ಲ. ನನಗೆ ಮಾತ್ರ ಆ ದಾರಿಯಲ್ಲಿ ಹೋದಾಗಲೆಲ್ಲ ಹಮ್ಮಿಗಿಯ ಮುದ್ರೆ ಬಿದ್ದ ಬಾಗಿಲೇ ಕಣ್ಣಮುಂದೆ ಬರುತ್ತದೆ. ಒಂದೇ ದಂಡೆ, ಒಂದೇ ಬೇಡಿಕೆ. ಆಯುಧ ಒಪ್ಪಿಸಿ ಎಂದಾಗ 1858ರಲ್ಲಿ ಸೀಮೆಯೇ ಹೊತ್ತಿ ಉರಿಯಿತು, 2024ರಲ್ಲಿ ಅಜ್ಜ ತಾನಾಗಿ ಬಸ್ಸು ಹತ್ತಿ ಬಂದ. ಅಂದು ಆಯುಧ ಕೇಳಿದ ಕಂಪನಿ ತನ್ನ ಬಂದೂಕನ್ನು ಕೆಳಗಿಟ್ಟಿರಲಿಲ್ಲ, ಊರಿನವರ ಮಾತನ್ನೂ ಕೇಳಿರಲಿಲ್ಲ. ಮುದ್ರೆ ಒತ್ತಿ ಊರನ್ನು ನಿಶ್ಶಸ್ತ್ರಗೊಳಿಸಲು ಆಗದು ಎಂಬುದಕ್ಕೆ ಹಮ್ಮಿಗಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮನೆಯವರು, ಓಣಿಯವರು ಒಪ್ಪಿದಾಗ ಮಾತ್ರ ಅದು ಆಗುತ್ತದೆ.

ಪ್ರಭುತ್ವದ ಬಂದೂಕಿನ ಲೆಕ್ಕವನ್ನೂ ಈ ಜಿಲ್ಲೆ ಮರೆತಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಸೇರಿದ ರೈತರ ಮೇಲೆ ನರಗುಂದದಲ್ಲಿ ಪೊಲೀಸರು ಗುಂಡು ಹಾರಿಸಿದರು. ಈರಪ್ಪ ಕಡ್ಲಿಕೊಪ್ಪ ಬಿದ್ದರು. ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಪ್ರತಿವರ್ಷ ಜುಲೈ 21ಕ್ಕೆ ಅಲ್ಲಿನ ವೀರಗಲ್ಲಿನ ಮುಂದೆ ರೈತರು ಸೇರುತ್ತಾರೆ.

ಈಚಿನ ಗಾಯ ಇನ್ನೂ ಹಸಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲು ತಟ್ಟಿದವರು ಅವರನ್ನು ಹೊಸ್ತಿಲಲ್ಲೇ ಗುಂಡಿಟ್ಟು ಕೊಂದರು. ಅದು 7.65 ಎಂ.ಎಂ. ನಾಡ ಪಿಸ್ತೂಲು. ಎರಡು ವರ್ಷಗಳ ಬಳಿಕ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದೂ ಅದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಗುಂಡುಗಳ ಮೇಲಿನ ಗೀರು ಹೋಲಿಸಿ ಹೇಳಿತು. ಪ್ರತಿ ನಳಿಗೆಯೂ ಹಾದುಹೋಗುವ ಗುಂಡಿನ ಮೇಲೆ ತನ್ನದೇ ಗೀರು ಬಿಡುತ್ತದೆ. ಲೈಸೆನ್ಸೂ ನಂಬರೂ ಇಲ್ಲದ ಆಯುಧವೊಂದು ಎರಡು ಮನೆಗಳ ಬಾಗಿಲಿಗೆ ಬಂದು ಹೋದದ್ದು ಪತ್ತೆಯಾದದ್ದು ಆ ಗೀರಿನಿಂದ. ನಮ್ಮ ದೇಶದಲ್ಲಿ ಗುಂಡಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ಇಂಥ ಕಳ್ಳ ಆಯುಧಗಳಿಂದಲೇ ಆಗುವುದು.

ಆ ಪಿಸ್ತೂಲುಗಳ ಹಾದಿ ನಮಗೆ ದೂರದ್ದಲ್ಲ. ವಿಜಯಪುರ ಜಿಲ್ಲೆಯ ಭೀಮಾ ತೀರದಲ್ಲಿ ಮಧ್ಯಪ್ರದೇಶದಿಂದ ಬಂದ ನಾಡ ಪಿಸ್ತೂಲುಗಳು ಮತ್ತೆ ಮತ್ತೆ ಸಿಕ್ಕಿಬೀಳುತ್ತವೆ. ಅಲ್ಲಿ ಮನೆತನಗಳ ಹಗೆ ತಂದೆಯಿಂದ ಮಗನಿಗೆ ಇಳಿದಿದೆ. 2012ರಲ್ಲಿ 'ಭೀಮಾ ತೀರದಲ್ಲಿ' ಸಿನಿಮಾ ಬಂದಾಗ ನಮ್ಮ ಕಡೆಯ ಹುಡುಗರೂ ಸಿಳ್ಳೆ ಹೊಡೆದರು. ನನಗೆ ಆ ಚಿತ್ರಗಳ ಮೇಲೆ ಒಲವಿಲ್ಲ. ಗಂಡು ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಉಳಿದ ಹೆಂಗಸರು ಹೇಗೆ ಬಾಳುತ್ತಾರೆ ಎಂಬುದನ್ನು ಅವು ತೋರಿಸಲಿಲ್ಲ.

ಹಗೆ ಗುಂಡಿನ ತನಕ ಹೋಗುವ ಮೊದಲೇ ತಡೆಯುವುದು ಹೇಗೆ? ಷಿಕಾಗೋ ನಗರದಲ್ಲಿ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು 2000ದಲ್ಲಿ ಒಂದು ಪ್ರಯೋಗ ಶುರುಮಾಡಿದರು. ಹಿಂದೆ ಕ್ಷಯ, ಕಾಲರಾ ವಿರುದ್ಧ ದುಡಿದ ಅವರು ಗುಂಡಿನ ಹಿಂಸೆಯನ್ನೂ ಅಂಟುರೋಗವೆಂದೇ ಕಂಡರು. ಎರಡೂ ಕಡೆಯವರಿಗೆ ಪರಿಚಯವಿದ್ದ, ಆ ಬೀದಿಯಲ್ಲೇ ಬೆಳೆದವರನ್ನು ಹುಡುಕಿ, ಸೇಡಿನ ಮಾತು ಕೇಳಿದ ರಾತ್ರಿಯೇ ಆ ಮನೆಗೆ ಕಳಿಸಿದರು. ಇದು ಎಲ್ಲೆಡೆ ಒಂದೇ ಸಮ ಫಲ ಕೊಟ್ಟಿಲ್ಲ. ಆದರೂ ಸೇಡಿನ ಮನೆಗೆ ಪರಿಚಿತರು ಹೋಗಿ ಕೂರಬೇಕೆಂಬ ಯೋಚನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅಂಥ ಜನ ನಮ್ಮಲ್ಲಿ ಮೊದಲಿನಿಂದ ಇದ್ದಾರೆ.

ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳನ್ನೇ ನೋಡಿ. ಕಲಬುರ್ಗಿಯವರ ಸಂಶೋಧನೆಗೆ ಮಠದ ಪ್ರಕಾಶನವನ್ನೇ ತೆರೆದಿಟ್ಟವರು, ಕೋಮು ಸೌಹಾರ್ದಕ್ಕೆ ರಾಷ್ಟ್ರೀಯ ಪ್ರಶಸ್ತಿ ಪಡೆದವರು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಲಿನ ಭೂಮಿಯನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೊಡಲು ಹೊರಟಾಗ, 2017ರಲ್ಲಿ ಕಪ್ಪತಗುಡ್ಡದ ರಕ್ಷಣೆಗೆ ಜನ ಸೇರಿದಾಗ, ಅವರು ಬೀದಿಗೆ ಬಂದು ಕೂತರು. ಎರಡು ಸಲವೂ ಸರ್ಕಾರ ಹಿಂದೆ ಸರಿಯಿತು. 2018ರಲ್ಲಿ ಅವರು ತೀರಿಕೊಂಡರು. ಅಂಥದೇ ಮಾತಿನ ತೂಕ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಇದೆ. ಅಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ ದೂದಪೀರಾಂ ದರ್ಗಾವೂ ಒಂದೇ ಊರಿನ ಭಕ್ತಿಯಲ್ಲಿವೆ. ಜಾತ್ರೆ, ಉರುಸು ಸಮಿತಿಗಳ ಹಿರಿಯರಿಗೆ ಯಾವ ಮನೆಯಲ್ಲಿ ಬದುವಿನ ಜಗಳ ಕಾವೇರಿದೆ, ಯಾವ ಹುಡುಗ ಮೊಬೈಲಿನಲ್ಲಿ ಪಿಸ್ತೂಲಿನ ಫೋಟೊ ಹಾಕಿದ್ದಾನೆ ಎಂಬುದು ಠಾಣೆಗಿಂತ ಮೊದಲು ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ಮನಿರುವುದೇ ದೊಡ್ಡ ತಪ್ಪು.

ಊರೇ ಮನಸ್ಸು ಮಾಡಿದರೆ ಜೀವ ಕಾಯಬಲ್ಲದು ಎಂಬುದಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಒಳ್ಳೆಯ ನಿದರ್ಶನ. ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ರಾತ್ರಿ ಸುತ್ತಲಿನ ಕಡಲೆ, ಶೇಂಗಾ ಹೊಲಕ್ಕೆ ಇಳಿಯುತ್ತವೆ. ಬೆಳೆ ಹೋಗುತ್ತದೆ, ಆದರೂ ಊರವರು ಅವುಗಳ ತಂಟೆಗೆ ಹೋಗುವುದಿಲ್ಲ. 2024ರ ಆರಂಭದಲ್ಲಿ ಕೆರೆ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ತಮ್ಮ ಹೊಲ ಮೇಯುವ ಹಕ್ಕಿಯನ್ನು ಕಾಯಬಲ್ಲ ಜನ ನಮ್ಮವರು.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನೂ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆಗಳಲ್ಲಿ ಖುಷಿಗೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ನಮಗಿಲ್ಲ. ಚುನಾವಣೆ ಹೊತ್ತಿನ ಜಮೆಯನ್ನು ಬೆಳೆ ಕಾಯುವ ರೈತರು ಬೈಯುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಊರಿನ ಬಂದೂಕುಗಳೆಲ್ಲ ಒಂದೇ ಕಡೆ ಲೆಕ್ಕಕ್ಕೆ ಸಿಗುವುದು ಆಗ ಮಾತ್ರ. ಆ ದಿನಗಳಲ್ಲೇ ಗ್ರಾಮ ಪಂಚಾಯಿತಿಗಳು ಸಭೆ ಕರೆದು, ಬೇಡವಾದವರು ಬರೆದುಕೊಡಬಹುದು ಎಂದು ಹೇಳಬೇಕು. ಹಾಗೆ ಒಪ್ಪಿಸಿದವರನ್ನು ಹೆಸರು ಹೇಳಿ ಮೆಚ್ಚಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರಲ್ಲಿ ನನ್ನ ಕೇಳಿಕೆ ಇಷ್ಟು. ನಿಮ್ಮ ಅಟ್ಟದಲ್ಲಿ, ಟ್ರಂಕಿನಲ್ಲಿ ತೀರಿಹೋದ ಹಿರಿಯರ ಬಂದೂಕಿದ್ದರೆ ಅದು ಈಗ ಲೈಸೆನ್ಸ್ ಇಲ್ಲದ ಬಂದೂಕು. ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಅಧಿಕೃತ ಮಾರಾಟಗಾರರಿಗೆ ಒಪ್ಪಿಸಲು ಕಾಯ್ದೆಯಲ್ಲೇ ದಾರಿಯಿದೆ. ಲೈಸೆನ್ಸ್ ಇದ್ದವರು ಬಂದೂಕನ್ನೂ ತೋಟಾಗಳನ್ನೂ ಬೇರೆ ಬೇರೆ ಕಡೆ ಕೀಲಿ ಹಾಕಿಡಿ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ ಬಂದೂಕನ್ನು ಅಂದೇ ಠಾಣೆಯಲ್ಲಿ ಜಮೆ ಮಾಡಿ, ಅವರ ಹತ್ತಿರ ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.