ಇತಿಹಾಸ ಪಾಠದ ಪುನರವಲೋಕನದಲ್ಲಿ ಶಬ್ದಾಭ್ಯಾಸ: ಮತ್ತೋಡಿನ ನಿದರ್ಶನ

ಇತಿಹಾಸದ ಪಾಠ ಮುಗಿದ ಮೇಲೆ ಕಠಿನ ಶಬ್ದಗಳನ್ನು ಹಲಗೆಯ ಮೇಲೆ ಬರೆದು, ಅರ್ಥಗಳನ್ನು ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ರೂಢಿಯಾಗಿರುವ ಕ್ರಮ. ಇದರಿಂದ ಅಂಕಗಳು ದೊರೆಯಬಹುದು. ವಿದ್ಯಾರ್ಥಿಯು ಪಾಠವನ್ನು ಅರಿತನೆಂದು ಹೇಳಲಾಗದು. ಅವನನ್ನು ಎಡವಿಸುವುದು ಅಪರಿಚಿತ ಶಬ್ದಗಳಿಗಿಂತ ಹೆಚ್ಚಾಗಿ ಪರಿಚಿತ ಶಬ್ದಗಳೇ ಎಂಬುದು ನಮ್ಮ ಅನುಭವ.

‘ಬಿಟ್ಟಿ’ಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಇದು ಹಿಂದೆ ಕೂಲಿಯಿಲ್ಲದೆ ಕಡ್ಡಾಯವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆಯ ಹೆಸರು. ಇಂದಿನ ವಿದ್ಯಾರ್ಥಿಗಾದರೋ ಬಿಟ್ಟಿಯೆಂದರೆ ಹಣ ಕೊಡದೆ ದೊರೆಯುವ ವಸ್ತು. ದುಡಿದವನ ಸಂಕಟವು ಅವನ ಓದಿನಲ್ಲಿ ಪಡೆದವನ ಲಾಭವಾಗಿಬಿಡುತ್ತದೆ.

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೆ ಪಾಳೆಯಗಾರರ ನೆಲೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಬಳೆಗಾಜಿನ ಕೈಗಾರಿಕೆಯನ್ನು ವರ್ಣಿಸಿದ್ದಾನೆ. ಈ ಊರನ್ನು ಕುರಿತ ಎರಡು ಪುಟಗಳನ್ನು ಓದಿಸಿದ ಮೇಲೆ ನಾವು ಹನ್ನೆರಡು ಚೀಟಿಗಳನ್ನು ಸಿದ್ಧಪಡಿಸಿದೆವು: ಪಾಳೆಯಗಾರ, ಕಪ್ಪ, ಕಂದಾಯ, ಸುಂಕ, ಉಂಬಳಿ, ಬಿಟ್ಟಿ, ಶಾನುಭೋಗ, ಪಟೇಲ, ತೋಟಿ, ಚೌಳು, ಮೂಸೆ, ಬಳೆಗಾರ. ನಾಲ್ವರು ವಿದ್ಯಾರ್ಥಿಗಳು ಕೂಡಿ ಇವನ್ನು ಇಷ್ಟಬಂದಂತೆ ವಿಂಗಡಿಸಬಹುದು. ಆದರೆ ಪ್ರತಿಯೊಂದು ಗುಂಪಿಗೂ ಒಂದು ಪೂರ್ಣ ವಾಕ್ಯದಲ್ಲಿ ಕಾರಣ ಕೊಡಬೇಕು. ಚೌಳುಮಣ್ಣೂ ಮೂಸೆಯೂ ತಕರಾರಿಲ್ಲದೆ ಒಂದೆಡೆ ಸೇರಿದವು. ಉಂಬಳಿಯ ವಿಷಯದಲ್ಲಿ ಜಗಳವೇ ಆಯಿತು. ಅದು ದಾನವೆಂದು ಒಬ್ಬ, ಸಂಬಳದ ಬದಲಿಗೆ ಬಿಟ್ಟ ಭೂಮಿಯೆಂದು ಇನ್ನೊಬ್ಬ. ಇಬ್ಬರೂ ಪುಸ್ತಕ ತೆರೆದರು. ನಮಗೆ ಬೇಕಾಗಿದ್ದುದೂ ಅದೇ.

ಎರಡೆರಡು ಶಬ್ದಗಳನ್ನು ಜೋಡಿಸಿ ಪ್ರಶ್ನೆ ಕೇಳುವುದೂ ಉಪಯುಕ್ತ: ಪಾಳೆಯಗಾರನು ಕಪ್ಪವನ್ನು ಪಡೆಯುವವನೋ, ಕೊಡುವವನೋ? ಉಂಬಳಿಯುಳ್ಳವನಿಗೆ ಕಂದಾಯದ ಹೊರೆ ಇದ್ದಿತೆ? ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿ ಕುಳಿತುಕೊಳ್ಳಲು ಬಿಡಬಾರದು.

ಒಂದು ಎಚ್ಚರಿಕೆ ಅವಶ್ಯ. ಆನುವಂಶಿಕ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದರೂ ಅವುಗಳ ಹೆಸರುಗಳು ಮನೆತನಗಳನ್ನು ಬಿಟ್ಟಿಲ್ಲ. ಒಮ್ಮೆ ‘ತೋಟಿ’ ಎಂಬ ಚೀಟಿ ಕೈಗೆ ಬಂದ ವಿದ್ಯಾರ್ಥಿಯೊಬ್ಬ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡನು. ಕಾರಣವನ್ನು ನಾವು ಎಲ್ಲರೆದುರು ಕೇಳಿದೆವು, ಕೇಳಬಾರದಿತ್ತು. ಅಂದಿನಿಂದ ಇಂಥ ಚೀಟಿಗಳನ್ನು ಒಬ್ಬರ ಕೈಗೆ ಕೊಡದೆ ಮೇಜಿನ ಮೇಲೆಯೇ ಹರಡುತ್ತೇವೆ. ಬೆಳೆ ಕಾಯುವುದು, ಸುದ್ದಿ ಒಯ್ಯುವುದು ಮೊದಲಾಗಿ ಊರು ಆ ಅಧಿಕಾರದವನಿಂದ ಪಡೆದ ಸೇವೆಯನ್ನು ಮೊದಲು ವಿವರಿಸಿ, ಹೆಸರನ್ನು ಅನಂತರ ಹೇಳುತ್ತೇವೆ.

ಇದಕ್ಕೆಲ್ಲ ಇಪ್ಪತ್ತು ನಿಮಿಷ ಸಾಕು. ಅರುವತ್ತು ಮಂದಿಯ ತರಗತಿಯಲ್ಲಿ ಬೆಂಚಿಗೊಂದು ಗುಂಪು ಮಾಡಬಹುದು. ‘ಬಿಟ್ಟಿ’ಯನ್ನು ಮೊದಲು ಉಂಬಳಿಯ ಪಕ್ಕದಲ್ಲಿ, ‘ದೊರೆಯುವಂಥವು’ ಎಂಬ ಗುಂಪಿನಲ್ಲಿ ಇಟ್ಟಿದ್ದವರು, ಗಂಟೆ ಬಾರಿಸುವ ಮೊದಲು, ತಾವಾಗಿಯೇ ಅದನ್ನು ಕಂದಾಯ, ಸುಂಕಗಳ ಸಾಲಿಗೆ ಸರಿಸಿದ್ದರು.