ರಾಗಿ ಸರಿಗೆ ನೀರು ಎಷ್ಟು ಸರಿ?

ಚನ್ನರಾಯನದುರ್ಗದ ಕೋಟೆಬೆಟ್ಟದ ಸುತ್ತಲಿನ ಕೊರಟಗೆರೆ, ಮಧುಗಿರಿ ಸೀಮೆ ಮಳೆಯನ್ನೇ ನಂಬಿದ ಬೆದ್ದಲು ನಾಡು. ದೊಡ್ಡವರಿಗೆ ರಾಗಿ ಮುದ್ದೆ, ಹಲ್ಲು ಬಾರದ ಕೂಸಿಗೆ ಅದೇ ರಾಗಿಯ ಸರಿ. ಗೃಹ್ಯಸೂತ್ರಗಳು ಆರನೇ ತಿಂಗಳಲ್ಲಿ ಅನ್ನಪ್ರಾಶನ ಮಾಡಿಸಬೇಕೆನ್ನುತ್ತವೆ. ಪಾಯಸವನ್ನು ನಾಲಿಗೆಗೆ ಸೋಕಿಸಿದರೆ ಶಾಸ್ತ್ರ ಮುಗಿಯಿತು. ಮರುದಿನದಿಂದ ಹೊಟ್ಟೆ ತುಂಬಿಸುವ ಹೊಣೆ ರಾಗಿಯದೇ. ವಿಶೇಷವೆಂದರೆ, ಮೊದಲು ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯೂ 2001ರಲ್ಲಿ ಆರು ತಿಂಗಳಿಗೇ ಬಂದು ನಿಂತಿತು. ಅಲ್ಲಿಯವರೆಗೆ ತಾಯಿಯ ಹಾಲು ಮಾತ್ರ.

ಆಮೇಲೆ ಹಾಲೊಂದೇ ಸಾಲದು. ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಆ ವೇಳೆಗೆ ಕರಗುತ್ತಾ ಬಂದಿರುತ್ತದೆ. ಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಹೊರಗಿನಿಂದ ಬೇಕು. ಕಷ್ಟ ಇರುವುದು ಇಲ್ಲೇ. ಕೂಸಿನ ಹೊಟ್ಟೆ ಹಿಡಿಯುವುದು ಪ್ರತಿ ಕೆ.ಜಿ. ತೂಕಕ್ಕೆ 30 ಗ್ರಾಂ ಮಾತ್ರ. ಏಳು ಕೆ.ಜಿ. ಮಗುವಿಗೆ ಒಂದು ಲೋಟದಷ್ಟು ಎನ್ನೋಣ. ರಾಗಿ ಹಿಟ್ಟನ್ನು ಬೇಯಿಸಿದರೆ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಅಂಟಂಟಾಗುತ್ತದೆ. ಮಗು ನುಂಗಲಾರದೆಂದು ತಾಯಿ ಇನ್ನಷ್ಟು ನೀರು ಬೆರೆಸುತ್ತಾಳೆ. ಹೊಟ್ಟೆಯೇನೋ ತುಂಬುತ್ತದೆ, ನೀರಿನಿಂದ. ಲೋಟ ಖಾಲಿಯಾಯಿತೆಂದು ಮನೆಯವರಿಗೆ ಸಮಾಧಾನ. ತಕ್ಕಡಿಯ ಮುಳ್ಳು ಮಾತ್ರ ಮೇಲೇಳುವುದಿಲ್ಲ. ಎಷ್ಟೋ ಮಕ್ಕಳ ಬೆಳವಣಿಗೆ ಹಿಂದೆ ಬೀಳುವುದು ಆರು ತಿಂಗಳಿಂದ ಎರಡು ವರ್ಷದ ನಡುವಿನ ಈ ಅವಧಿಯಲ್ಲೇ.

ಇದಕ್ಕೆ ಉಪಾಯ ಅಜ್ಜಿಯರ ಕೈಯಲ್ಲಿತ್ತು. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುವುದು. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಸರಿ ಅಂಟಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ 1980ರ ಸುಮಾರಿಗೆ ಇದನ್ನೇ ಅಧ್ಯಯನ ಮಾಡಿ, ಮೊಳಕೆ ರಾಗಿಗೆ ಹೆಸರುಕಾಳು ಸೇರಿಸಿದ ಶಿಶು ಆಹಾರ ರೂಪಿಸಿದರು. ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಹೆಸರುಕಾಳಿನಲ್ಲಿ ಧಾರಾಳ.

ಹುರಿಯುವಾಗ ಮಾತ್ರ ಎಚ್ಚರ ಬೇಕು. ಕಪ್ಪಗೆ ಹುರಿದರೆ ಕಿಣ್ವ ಸತ್ತು, ಎರಡು ದಿನದ ಶ್ರಮ ವ್ಯರ್ಥ. ಹಿಟ್ಟನ್ನು ಕುದಿವ ನೀರಿಗೆ ಸುರಿಯುವುದೂ ಸಲ್ಲ; ತಣ್ಣೀರಿನಲ್ಲಿ ಕಲಸಿ ನಿಧಾನ ಉರಿಯಲ್ಲಿಟ್ಟರೆ ಕಿಣ್ವಕ್ಕೆ ಕೆಲಸ ಮಾಡಲು ಬಿಡುವು ಸಿಗುತ್ತದೆ. ಇನ್ನು ವಸ್ತ್ರಗಾಳಿತದ ವಿಷಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣಾಂಶವಿದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ಅದರ ದೊಡ್ಡ ಪಾಲು ಹೊಟ್ಟಿನಲ್ಲಿರುವುದರಿಂದ, ತೀರ ತೆಳುಬಟ್ಟೆಯಲ್ಲಿ ಸೋಸಿದಷ್ಟೂ ನಷ್ಟ. ಮೊದಲ ವಾರಗಳಿಗೆ ನುಣುಪು ಇರಲಿ, ಆಮೇಲೆ ಜರಡಿ ಸಾಕು.

ಸರಿಯೊಂದನ್ನೇ ವರ್ಷವಿಡೀ ತಿನ್ನಿಸುವುದೂ ತರವಲ್ಲ. ಬೇಳೆ, ಸೊಪ್ಪು, ಹಣ್ಣು ಸೇರಬೇಕು. ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸವೂ ಆರು ತಿಂಗಳಿಂದಲೇ ಆಗಬಹುದು. ಜೇನು ಮಾತ್ರ ವರ್ಷ ತುಂಬುವವರೆಗೆ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಗೂಸಿಗೆ ಅಪಾಯ. ಸರಿಯ ಹದ ನೋಡಲು ಚಮಚ ಓರೆ ಮಾಡಿದರೆ ಸಾಕು, ಅದು ಸುರಿದುಹೋಗಬಾರದು. ಮೊಳಕೆ ಹಿಟ್ಟಿನಲ್ಲಿ ಆ ಹದ ಬರಬೇಕಾದರೆ ಇನ್ನೊಂದೆರಡು ಚಮಚ ಹಿಟ್ಟು ಹೆಚ್ಚಿಗೆ ಬೇಕಾಗುತ್ತದೆ. ಮಗುವಿಗೆ ಲಾಭವಾಗುವುದು ಆ ಹೆಚ್ಚಿನ ಹಿಟ್ಟಿನಿಂದಲೇ.