‘ಹ್ಯಾವ್’ ಎಲ್ಲಿ ಬೇಕು, ಎಲ್ಲಿ ಬೇಡ?

ತಪ್ಪು ಕಲ್ಪನೆ: ಈಗಷ್ಟೇ ಆದದ್ದಕ್ಕೆ ‘ಹ್ಯಾವ್’, ಬಹಳ ಹಿಂದೆ ಆದದ್ದಕ್ಕೆ ಬರೀ ಭೂತಕಾಲ.

ಸತ್ಯ: ನಮ್ಮ ಬಾಗಲಕೋಟೆ ಕಡೆ ‘ಬಸ್ಸು ಐದು ನಿಮಿಷದ ಹಿಂದ ಹೋಗೇತ್ರಿ’ ಅನ್ನುತ್ತೇವೆ. ಕನ್ನಡದಲ್ಲಿ ಅದು ಸರಿಯೇ. ಅದನ್ನೇ ಇಂಗ್ಲಿಷಿಗೆ ತಂದು ‘ದ ಬಸ್ ಹ್ಯಾಸ್ ಗಾನ್ ಫೈವ್ ಮಿನಿಟ್ಸ್ ಅಗೋ’ ಎಂದರೆ ತಪ್ಪು. ‘ದ ಬಸ್ ಲೆಫ್ಟ್’ ಎನ್ನಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಚಾಲುಕ್ಯರ ಮಂಗಳೇಶನ ಶಾಸನ ಕ್ರಿ.ಶ. 578ರದು. ಅವನು ಗುಹೆ ಮಾಡಿಸಿದ್ದನ್ನು ಹೇಳುವಾಗಲೂ ‘ಮೇಡ್’ ಸಾಕು, ‘ಹ್ಯಾಸ್ ಮೇಡ್’ ಬೇಡ. ಐದು ನಿಮಿಷವಾಗಲಿ, ಸಾವಿರದ ನಾನೂರು ವರ್ಷವಾಗಲಿ, ನಿಯಮ ಒಂದೇ: ಯಾವಾಗ ಎಂದು ಹೇಳಿ, ಆ ಹೊತ್ತು ಮುಗಿದಿದ್ದರೆ ‘ಹ್ಯಾವ್’ಗೆ ಜಾಗವಿಲ್ಲ.

ಇಳಕಲ್ಲಿನ ನೇಕಾರರ ಮಾತು ಬೇರೆ. ಅಲ್ಲಿ ತಲೆಮಾರುಗಳಿಂದ ಸೀರೆ ನೇಯುತ್ತ ಬಂದಿದ್ದಾರೆ, ಮಗ್ಗ ಇಂದಿಗೂ ನಡೆದಿದೆ. ಶುರುವಾದದ್ದು ಎಷ್ಟೇ ಹಿಂದೆ ಇರಲಿ, ಕೆಲಸ ಇವತ್ತಿನವರೆಗೂ ಬಂದು ಮುಟ್ಟಿದೆ. ಹಾಗಾಗಿ ‘ಹ್ಯಾವ್ ವೋವನ್’ ಇಲ್ಲಿ ಬೇಕೇ ಬೇಕು. ‘ಹತ್ತು ವರ್ಷದಿಂದ ಇಳಕಲ್ಲಿನ್ಯಾಗ ಅದೀನಿ’ ಎಂಬುದನ್ನು ‘ಐ ಆ್ಯಮ್ ಲಿವಿಂಗ್ ಸಿನ್ಸ್ ಟೆನ್ ಇಯರ್ಸ್’ ಎನ್ನುವವರು ಎಡವುವುದೂ ಇದೇ ಕಾರಣಕ್ಕೆ. ‘ಐ ಹ್ಯಾವ್ ಬೀನ್ ಲಿವಿಂಗ್ ಫಾರ್ ಟೆನ್ ಇಯರ್ಸ್’ ಸರಿ. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್’.

ತಪ್ಪು ಕಲ್ಪನೆ: ಭೂತಕಾಲದ ವಾಕ್ಯದಲ್ಲಿ ಎಲ್ಲ ಕ್ರಿಯಾಪದಗಳೂ ಭೂತಕಾಲದಲ್ಲೇ ಇರಬೇಕು.

ಸತ್ಯ: ‘ಡಿಡ್’ ಬಂದ ಮೇಲೆ ಕಾಲ ಹೇಳುವ ಕೆಲಸ ಮುಗಿಯಿತು. ‘ಡಿಡ್ ನಾಟ್ ವೆಂಟ್’ ಅಲ್ಲ, ‘ಡಿಡ್ ನಾಟ್ ಗೋ’. ನಮ್ಮ ‘ಹೋಗಲಿಲ್ಲ’ ನೋಡಿ, ಅದರಲ್ಲೂ ‘ಹೋದ’ ಎಂಬ ರೂಪ ಉಳಿದಿಲ್ಲ.

ತಪ್ಪು ಕಲ್ಪನೆ: ಮುಂದೆ ಆಗುವುದಕ್ಕೆಲ್ಲ ‘ವಿಲ್’ ಹಾಕಬೇಕು.

ಸತ್ಯ: ‘ಮಳಿ ಬಂದ್ರ’ ಎನ್ನುವಾಗ ನಾವು ಭವಿಷ್ಯತ್ತಿನ ರೂಪ ಬಳಸುತ್ತೇವೆಯೇ? ಇಂಗ್ಲಿಷಿನಲ್ಲೂ ‘ಇಫ್ ಇಟ್ ರೇನ್ಸ್’ ಅಷ್ಟೇ. ‘ನಾಳೆ ಹುನಗುಂದಕ್ಕ ಹೋಗ್ತೀನಿ’ ಎಂಬಂತೆ, ನಾಳೆಯ ಬಸ್ಸಿನ ವೇಳೆ ಹೇಳಲು ಇಂಗ್ಲಿಷಿನಲ್ಲಿಯೂ ವರ್ತಮಾನ ನಡೆಯುತ್ತದೆ: ‘ದ ಬಸ್ ಲೀವ್ಸ್ ಟುಮಾರೋ ಅಟ್ ಸಿಕ್ಸ್’.

ಇನ್ನು ಮಕ್ಕಳು ಬಾಯಿಪಾಠ ಮಾಡುವ ಹನ್ನೆರಡು ಕಾಲಗಳ ಪಟ್ಟಿ. ಇಂಗ್ಲಿಷ್ ಕ್ರಿಯಾಪದ ತಾನಾಗಿ ರೂಪ ಬದಲಿಸಿ ತೋರಿಸುವುದು ವರ್ತಮಾನ, ಭೂತ ಎರಡನ್ನೇ. ಉಳಿದವು ಸಹಾಯಕ ಕ್ರಿಯಾಪದಗಳ ಕೂಡಿಕೆ. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಪಟ್ಟಿ ಕೊಡುವ ಮೊದಲು ‘ಯಾವಾಗ? ಮುಗೀತೋ, ಇನ್ನೂ ನಡೆದೈತೋ?’ ಎಂದು ಮಕ್ಕಳನ್ನು ಕನ್ನಡದಲ್ಲೇ ಕೇಳಿ.